ಟೇಲರ್ ಕಾಕಾ ನೋಡುತ್ತಿದ್ದ ಹಾಜರಿ ಪುಸ್ತಕ

2002ರಲ್ಲಿ ಈಶಾನ್ಯ ಕರ್ನಾಟಕದ 7 ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಆರಂಭವಾದಾಗ ನಾನು ಬೀದರ್‌ನ ನೌಬಾದಿನಲ್ಲಿ ನಾಲ್ಕನೆಯ ತರಗತಿಯಲ್ಲಿದ್ದೆ. ಊಟ ಸಿಕ್ಕರೆ ಮಕ್ಕಳು ತಪ್ಪದೆ ಶಾಲೆಗೆ ಬರುತ್ತಾರೆಂದು ಎಲ್ಲರೂ ನಂಬಿದ್ದರು. ಅಷ್ಟಕ್ಕೇ ಸಮಾಧಾನಗೊಳ್ಳದವರೆಂದರೆ ಶಾಲಾ ಅಭಿವೃದ್ಧಿ ಸಮಿತಿಯಲ್ಲಿದ್ದ ನಮ್ಮ ಓಣಿಯ ಟೇಲರ್ ಕಾಕಾ.

ಶನಿವಾರ ಮಧ್ಯಾಹ್ನ ಅಳತೆಯ ಟೇಪನ್ನು ಕೊರಳಲ್ಲಿಯೇ ಹಾಕಿಕೊಂಡು ಬಂದು, ಗುರುಗಳ ಅಪ್ಪಣೆ ಪಡೆದು ಅವರು ಹಾಜರಿ ಪುಸ್ತಕ ತೆರೆಯುತ್ತಿದ್ದರು. ಫೆಬ್ರುವರಿ ದಾಟುತ್ತಲೇ ಹುಡುಗಿಯರ ಹೆಸರಿನ ಮುಂದೆಯೇ ಗೈರುಹಾಜರಿ ಹೆಚ್ಚುವುದನ್ನು ಮೊದಲು ಕಂಡವರು ಅವರೇ. ಆ ಹೆಸರುಗಳಲ್ಲಿ ನನ್ನದೂ ಇತ್ತು. ನಳ ಬಾರದ ದಿನ ಅವ್ವ ಕೂಲಿಗೆ ಹೋದರೆ ಕೊಡ ನನ್ನ ಪಾಲಿಗೆ ಬರುತ್ತಿತ್ತು. ಮನೆಗೆ ಬಂದ ಕಾಕಾ ಬೈಯಲಿಲ್ಲ, "ನೀರು ಎಲ್ಲಿಂದ ತರ್ತಿ ಬೇಟಾ, ಎಷ್ಟ ಹೊತ್ತ ಹಿಡಿತದ?" ಎಂದಷ್ಟೇ ಕೇಳಿದರು.

ಮುಂದಿನ ಭಾನುವಾರ ನಮ್ಮನ್ನು ಸುರಂಗ ಬಾವಿಗೆ ಕರೆದೊಯ್ದರು. ಬೀದರ್‌ನ ಮೇಲ್ಪದರದ ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಇಳಿಯಬಿಡುತ್ತದೆ, ಅಡಿಯ ಕರಿಕಲ್ಲು ಅದನ್ನು ತಡೆಯುತ್ತದೆ. ಹಾಗೆ ನಿಂತ ನೀರನ್ನು ಇಳಿಜಾರು ಸುರಂಗದಲ್ಲಿ ಊರಿಗೆ ಹರಿಸಲು ಬಹಮನಿಯವರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಸಾಲಾಗಿ ಬಾವಿಗಳನ್ನು ಕೊರೆದಿದ್ದರು. ನಾವು ಬಾಯಿಗೆ ಬಗ್ಗಿ ಕಲ್ಲು ಹಾಕಿದರೆ ನೀರಿನ ಸದ್ದು ಬರಲಿಲ್ಲ, ಪ್ಲಾಸ್ಟಿಕ್ ಚೀಲಗಳು ಸರಕ್ಕೆಂದವು. ಕಾಕಾ ಸಿಟ್ಟಾದದ್ದನ್ನು ನಾನು ನೋಡಿದ್ದು ಅಂದು ಮಾತ್ರ. ಕಸ ಹಾಕಿದವರಲ್ಲಿ ನಮ್ಮ ಮನೆಯವರೂ ಇದ್ದರೆಂಬುದನ್ನು ನಾನು ಹೇಳಲಿಲ್ಲ.

ಶಾಲೆಗೆ ನೀರು ಬೇಕೆಂದು ಅವರು ಕೊಟ್ಟ ಎರಡು ಅರ್ಜಿಗಳು ಯಾವುದೋ ಕಚೇರಿಯಲ್ಲಿ ಕಳೆದುಹೋದವು. ಮೂರನೆಯದಕ್ಕೆ ಅಂಗಡಿಯ ಬಿಲ್ ಪುಸ್ತಕದ ಹಾಳೆಗಳ ಹಿಂದೆ ತಿಂಗಳವಾರು ಗೈರುಹಾಜರಿಯ ಲೆಕ್ಕ ಬರೆದು ಲಗತ್ತಿಸಿದರು. ಕೈಪಂಪು ಬಂತು. ಕೈ ತೊಳೆದ ನೀರು ಕಾಲುವೆಯಲ್ಲಿ ಬೇವಿನ ಸಸಿಗಳಿಗೆ ಹೋಗುವಂತೆ ಅವರೇ ಗುದ್ದಲಿ ಹಿಡಿದು ಮಾಡಿದರು. ಆಡು ತಿನ್ನದಂತೆ ಸುತ್ತ ಜಾಲಿಮುಳ್ಳು ಒಟ್ಟಿದವರು ನಾವು.

2015ರ ಸುಮಾರಿಗೆ ಸುರಂಗ ಬಾವಿಗಳ ಹೂಳು ತೆಗೆಯುವ ಕೆಲಸ ನಡೆದಾಗ ಕೋಲೂರಿಕೊಂಡು ಬಂದಿದ್ದ ಕಾಕಾ ಅಲ್ಲಿಯೇ ಸಿಕ್ಕರು. ಮೇಲೆ ಬರುತ್ತಿದ್ದ ಮಣ್ಣಿನ ಬುಟ್ಟಿಗಳನ್ನು ಸ್ವಲ್ಪ ಹೊತ್ತು ನೋಡಿ, ನಮ್ಮ ಶಾಲೆಯ ಐದನೆಯ ತರಗತಿಯಲ್ಲಿ ಈಗ ಎಷ್ಟು ಹುಡುಗಿಯರಿದ್ದಾರೆಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮರುದಿನ ಶಾಲೆಗೆ ಹೋಗಿ ಎಣಿಸಿಕೊಂಡು ಬಂದು ಹೇಳಿದೆ.