ಡಿಜಿಟಲ್ ಫೋಟೋಗೆ ಫಿಲ್ಮ್ ಗುಣ: ಹೈಲೈಟ್‌ನಿಂದ ಶುರು ಮಾಡಿ

ಫಿಲ್ಮ್ ಲುಕ್ ಬೇಕು ಅನ್ನುವವರು ಮೊದಲು ಕೈ ಹಾಕುವುದು ಕಪ್ಪಿಗೆ. ಕರ್ವ್‌ನ (ಚಿತ್ರದ ಕಪ್ಪು-ಬಿಳುಪಿನ ಮಟ್ಟ ಬದಲಿಸುವ ಗೆರೆ) ಎಡತುದಿ ಮೇಲೆತ್ತಿ ನೆರಳನ್ನೆಲ್ಲ ಬೂದಿ ಬಣ್ಣಕ್ಕೆ ತಂದುಬಿಡುತ್ತಾರೆ. ಆ ಮಾಸಲು ಕಪ್ಪು ಹೆಚ್ಚಾಗಿ ಬರುವುದು ಬೆಳಕು ಸಾಲದ ನೆಗೆಟಿವ್‌ನಿಂದ, ಇಲ್ಲವೇ ಕೆಟ್ಟ ಸ್ಕ್ಯಾನ್‌ನಿಂದ. ಒಳ್ಳೆಯ ಪ್ರಿಂಟ್‌ನಲ್ಲಿ ಕಪ್ಪು ಕಪ್ಪಾಗಿಯೇ ಇರುತ್ತದೆ.

ಫಿಲ್ಮ್‌ಗೂ ಸೆನ್ಸರ್‌ಗೂ ನಿಜವಾದ ವ್ಯತ್ಯಾಸ ಬೆಳಕಿನ ತುದಿಯಲ್ಲಿ, ಅಂದರೆ ಹೈಲೈಟ್‌ನಲ್ಲಿದೆ. ಕಲರ್ ನೆಗೆಟಿವ್‌ನ ಸ್ಪಂದನೆ ಬೆಳಕು ಹೆಚ್ಚಿದಂತೆ ನಿಧಾನಕ್ಕೆ ಚಪ್ಪಟೆಯಾಗುತ್ತದೆ. ಸೆನ್ಸರ್ ತುಂಬಿದ ಕೂಡಲೇ ವಿವರವೆಲ್ಲ ಹೋಗಿ ಬರೀ ಬಿಳಿ ಉಳಿಯುತ್ತದೆ. ಹೋದದ್ದನ್ನು ಯಾವ ಪ್ರಿಸೆಟ್ಟೂ (ಸಿದ್ಧ ಸೆಟ್ಟಿಂಗ್) ವಾಪಸ್ ತರದು. ಹಾಗಾಗಿ ರಾ ಫೈಲ್‌ನಲ್ಲೇ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲ್) ತೆಗೆಯಿರಿ, ಮೋಡ ಅಥವಾ ಬಿಳಿ ಬಟ್ಟೆ ಇದ್ದರೆ ಎಕ್ಸ್‌ಪೋಶರನ್ನು ಮೂರನೇ ಎರಡು ಸ್ಟಾಪ್ ಇಳಿಸಿ. ಆಮೇಲೆ ಕರ್ವ್‌ನಲ್ಲಿ ಈ ಬಿಂದುಗಳಿಂದ ಹೊರಡಿ (0 ಅಂದರೆ ಅಚ್ಚ ಕಪ್ಪು, 255 ಅಚ್ಚ ಬಿಳಿ): 0 ಇದ್ದದ್ದು 8 (ಕಪ್ಪನ್ನು ಇಷ್ಟೇ ಎತ್ತಿದರೆ ಸಾಕು), 64 ಇದ್ದದ್ದು 56, 128 ಇದ್ದದ್ದು 135, 192 ಇದ್ದದ್ದು 205, 255 ಇದ್ದದ್ದು 246. ಕೊನೆಯ ಭಾಗ ಚಪ್ಪಟೆಯಾಗುತ್ತಾ ಹೋಗುವುದೇ ಇಲ್ಲಿನ ಗುಟ್ಟು.

ಬಣ್ಣಕ್ಕೆ ಮುಂಚೆ ವೈಟ್ ಬ್ಯಾಲೆನ್ಸ್ ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಮುಂದೆ ಮಾಡಿದ್ದೆಲ್ಲ ಕಲಸುಮೇಲೋಗರ. ನೀಲಿ ಚಾನೆಲ್‌ನ ಕೆಳತುದಿಯನ್ನು 10ಕ್ಕೆ ಏರಿಸಿ, ಮೇಲ್ತುದಿಯನ್ನು 242ಕ್ಕೆ ಇಳಿಸಿ: ನೆರಳು ತುಸು ನೀಲಿ, ಬೆಳಕು ತುಸು ಹಳದಿ. ಹಸಿರಿನ ಹ್ಯೂ (ಛಾಯೆ) -15, ಸ್ಯಾಚುರೇಶನ್ (ಗಾಢತೆ) -20. ಮುಖಗಳಿದ್ದರೆ ಕಿತ್ತಳೆಯ ಸ್ಲೈಡರ್ ಮುಟ್ಟಬೇಡಿ.

ರಾತ್ರಿಯ ದೀಪಗಳ ಸುತ್ತ ಕಾಣುವ ಕೆಂಪು ಪ್ರಭೆಗೆ ಹ್ಯಾಲೇಶನ್ ಅನ್ನುತ್ತಾರೆ. ಜೋರು ಬೆಳಕು ಫಿಲ್ಮ್‌ನ ಪದರಗಳನ್ನು ದಾಟಿ, ಹಿಂಬದಿಗೆ ಬಡಿದು ವಾಪಸಾಗುವಾಗ ಮೊದಲು ಸಿಗುವುದು ಕೆಂಪಿಗೆ ಸ್ಪಂದಿಸುವ ಪದರ. ಸಿನಿಮಾ ಫಿಲ್ಮ್‌ನಲ್ಲಿ ಇದನ್ನು ತಡೆಯಲು ಹಿಂಬದಿಗೆ ಕಪ್ಪು ಲೇಪನ ಕೊಡುವ ರೂಢಿ ಇತ್ತು. ಆ ಲೇಪನ ತೆಗೆದು ಮಾರುವ ಸಿನೆಸ್ಟಿಲ್ 800ಟಿ ಎಂಬ ಫೋಟೋ ಫಿಲ್ಮ್‌ನಲ್ಲಿ ಪ್ರಭೆ ಅಷ್ಟು ಎದ್ದು ಕಾಣುವುದು ಅದಕ್ಕೇ. ಫೋಟೋಶಾಪ್‌ನಲ್ಲೋ ಗಿಂಪ್‌ನಲ್ಲೋ ಲೇಯರ್ ನಕಲು ಮಾಡಿ, ಲೆವೆಲ್ಸ್‌ನಲ್ಲಿ 230ಕ್ಕಿಂತ ಕೆಳಗಿನದನ್ನೆಲ್ಲ ಕಪ್ಪು ಮಾಡಿ, ಕೆಂಪು-ಕಿತ್ತಳೆ ಬಣ್ಣ ಕೊಟ್ಟು, 24 ಮೆಗಾಪಿಕ್ಸೆಲ್ ಚಿತ್ರಕ್ಕೆ 25 ಪಿಕ್ಸೆಲ್ ಗಾಸಿಯನ್ ಬ್ಲರ್ ಹಾಕಿ. ಮೋಡ್ ಸ್ಕ್ರೀನ್, ಒಪಾಸಿಟಿ 20%. ಹಗಲಿನ ಬಿಳಿ ಆಕಾಶವೂ ಇದರಲ್ಲಿ ಸೇರಿಕೊಂಡರೆ ಮರದ ಎಲೆಗಳಿಗೆಲ್ಲ ಕೆಂಪಂಚು ಬಂದು ಗುಟ್ಟು ರಟ್ಟಾಗುತ್ತದೆ. ಅಲ್ಲಿ ಮಾಸ್ಕ್ ಹಾಕಿ ಈ ಲೇಯರನ್ನು ಮರೆಮಾಡಿ.

ಗ್ರೇನ್ (ಫಿಲ್ಮ್‌ನಲ್ಲಿ ಕಾಣುವ ಸಣ್ಣ ಕಾಳುಕಾಳು) ಯಾವಾಗಲೂ ಕೊನೆಗೆ. ಲೈಟ್‌ರೂಮ್‌ನಲ್ಲಿ ಮೊದಲು ಶಾರ್ಪನಿಂಗ್ ಅನ್ನು 40ರಿಂದ 20ಕ್ಕೆ ಇಳಿಸಿ. ಚೂಪಾದ ಅಂಚಿನ ಮೇಲೆ ಗ್ರೇನ್ ಉದುರಿಸಿದರೆ ಧೂಳಿನಂತೆ ಕಾಣುತ್ತದೆ. ಅಮೌಂಟ್ 25, ಸೈಜ್ 30, ರಫ್‌ನೆಸ್ 50. ಫೋಟೋಶಾಪ್ ಆದರೆ 50% ಬೂದು ಲೇಯರ್, ಓವರ್‌ಲೇ ಮೋಡ್, ಒಂದೇ ಬಣ್ಣದ ನಾಯ್ಸ್, ಮೇಲೆ 0.7 ಪಿಕ್ಸೆಲ್ ಬ್ಲರ್. ಓವರ್‌ಲೇಯಲ್ಲಿ ಅಚ್ಚ ಬಿಳಿ, ಅಚ್ಚ ಕಪ್ಪುಗಳಲ್ಲಿ ಗ್ರೇನ್ ತಾನಾಗಿ ಕರಗುತ್ತದೆ. ಆಕಾಶ ಪಟ್ಟೆಪಟ್ಟೆಯಾಗುವುದನ್ನೂ ಇದೇ ಮರೆಮಾಚುತ್ತದೆ, ಅದೊಂದು ಬಿಟ್ಟಿ ಲಾಭ.

6000 ಪಿಕ್ಸೆಲ್ ಚಿತ್ರಕ್ಕೆ ಗ್ರೇನ್ ಹಾಕಿ ಆಮೇಲೆ 2048ಕ್ಕೆ ಕುಗ್ಗಿಸಿದರೆ ಅಕ್ಕಪಕ್ಕದ ಪಿಕ್ಸೆಲ್‌ಗಳು ಬೆರೆತು ಸಾಕಷ್ಟು ಗ್ರೇನ್ ಅಳಿಸಿಹೋಗುತ್ತದೆ. ಮೊದಲು ಕುಗ್ಗಿಸಿ. ಜೆಪೆಗ್ ಕ್ವಾಲಿಟಿಯನ್ನು 85ಕ್ಕಿಂತ ಇಳಿಸಬೇಡಿ, ಇಳಿಸಿದರೆ ಗ್ರೇನ್ ಚೌಕಚೌಕವಾಗಿ ಒಡೆಯುತ್ತದೆ.