ಸೇಂಟ್ ಇವಾನ್ ಹೊಲದಲ್ಲಿ ಒಂದು ಮಧ್ಯಾಹ್ನ

ರಸ್ತೆ ಪಕ್ಕದಲ್ಲಿ ಒಂದು ಮರದ ಶಿಲುಬೆ. ಅದರ ಬುಡದಲ್ಲಿ ಏಳೆಂಟು ಫುಟ್‌ಬಾಲ್. ಮಳೆಗೆ ನೆನೆದು ಬಣ್ಣ ಹೋಗಿದ್ದವು. ಕೆಲವಕ್ಕೆ ಗಾಳಿಯೂ ಇಳಿದಿತ್ತು. ಆಚೆಗೆ ಉತ್ತ ಹೊಲ, ಬರೀ ಕೆಸರು.

"ಇದೇನಾ ಚಿಕ್ಕಪ್ಪ ನೀವು ಹೇಳ್ತಿದ್ದ ಜಾಗ?" ಎಂದಳು ಅಣ್ಣನ ಮಗಳು.

ಇದೇ. ಬೆಲ್ಜಿಯಂನ ಪ್ಲೂಗ್‌ಸ್ಟೀರ್ಟ್ ಹತ್ತಿರದ ಸೇಂಟ್ ಇವಾನ್. ಮೊದಲ ಮಹಾಯುದ್ಧದಲ್ಲಿ, 1914ರ ಕ್ರಿಸ್‌ಮಸ್ಸಿಗೆ, ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ತಾವಾಗಿಯೇ ಗುಂಡು ನಿಲ್ಲಿಸಿದ ಜಾಗಗಳಲ್ಲಿ ಒಂದು. ಅವಳು ಲ್ಯೂವೆನ್‌ನಲ್ಲಿ ಓದುತ್ತಿದ್ದಾಳೆ. ಡಿಸೆಂಬರ್ ರಜೆಗೆ ನಾನು ಅಲ್ಲಿಗೆ ಹೋದಾಗ, ಪ್ಯಾರಿಸ್ ಬೇಡ, ಇಲ್ಲಿಗೆ ಕರೆದುಕೊಂಡು ಹೋಗು ಎಂದಿದ್ದೆ. ಬಾಡಿಗೆ ಕಾರಿನಲ್ಲಿ ಬಂದಿದ್ದೆವು.

ಹೊಲದ ಅಂಚಿಗೆ ನಾಲ್ಕು ಹೆಜ್ಜೆ ಇಟ್ಟೆ. ನಮ್ಮ ಕಡೆ ಮಳೆಗಾಲದ ಎರೆಮಣ್ಣಿನ ಹಾಗೆ ಬೂಟಿಗೆ ಅಂಟಿಕೊಂಡಿತು, ಕಾಲು ಎತ್ತುವುದೇ ಕಷ್ಟ. 1914ರ ಡಿಸೆಂಬರ್‌ನಲ್ಲಿ ಇಲ್ಲಿ ವಾರಗಟ್ಟಲೆ ಮಳೆ. ಕಂದಕಗಳಲ್ಲಿ ಮೊಣಕಾಲಿನವರೆಗೆ ನೀರು. ಅದರಲ್ಲೇ ನಿಲ್ಲಬೇಕು, ಅದರಲ್ಲೇ ನಿದ್ದೆ. ಎದುರಿನ ಜರ್ಮನ್ ಕಂದಕ ಕೆಲವು ಕಡೆ ಕೂಗಿದರೆ ಕೇಳಿಸುವಷ್ಟೇ ದೂರ. ಅವರಿಗೂ ಅದೇ ನೀರು, ಅದೇ ಚಳಿ.

ಹಬ್ಬಕ್ಕಾದರೂ ಯುದ್ಧ ನಿಲ್ಲಿಸಿ ಎಂದು ಪೋಪ್ ಹದಿನೈದನೇ ಬೆನೆಡಿಕ್ಟ್ ಡಿಸೆಂಬರ್ 7ರಂದೇ ಕೇಳಿಕೊಂಡಿದ್ದರು. ಯಾವ ಸರ್ಕಾರವೂ ಒಪ್ಪಲಿಲ್ಲ. ಎದುರಿನವರ ಜೊತೆ ಸಲುಗೆ ಬೆಳೆಸಬಾರದು ಎಂದು ಬ್ರಿಟಿಷ್ ಜನರಲ್ ಸ್ಮಿತ್-ಡೋರಿಯನ್ ಮೊದಲೇ ಆದೇಶ ಕಳಿಸಿದ್ದ. ಆದರೆ 24ರಂದು ಮಳೆ ನಿಂತಿತು. ಕೆಸರು ಹೆಪ್ಪುಗಟ್ಟಿ ಗಟ್ಟಿಯಾಯಿತು. ರಾತ್ರಿ ಜರ್ಮನ್ ಕಂದಕಗಳ ದಂಡೆಯ ಮೇಲೆ ಪುಟ್ಟ ಪುಟ್ಟ ಕ್ರಿಸ್‌ಮಸ್ ಮರಗಳು ಕಾಣಿಸಿದವು, ಮೇಲೆ ಮೇಣದಬತ್ತಿ ಹಚ್ಚಿದ್ದವು. ಆಮೇಲೆ ಹಾಡು. ಈ ಕಡೆಯವರೂ ಹಾಡಿದರು. ಬೆಳಗಾದಾಗ ಒಬ್ಬೊಬ್ಬರೇ ಬರಿಗೈಯಲ್ಲಿ ಮೇಲೆ ಬಂದರು.

ಸಿಗರೇಟು ಕೊಟ್ಟರು, ಸಿಗಾರ್ ಇಸ್ಕೊಂಡರು. ಕೋಟಿನ ಗುಂಡಿ ಕಿತ್ತು ನೆನಪಿಗೆಂದು ಬದಲಾಯಿಸಿಕೊಂಡರು. ಎರಡೂ ಕಡೆಯವರು ಫುಟ್‌ಬಾಲ್ ಆಡಿದ ಕಥೆ ಎಲ್ಲರಿಗೂ ಗೊತ್ತು. ಜರ್ಮನ್ ಸೈನ್ಯದ ಸ್ಯಾಕ್ಸನ್ ಲೆಫ್ಟಿನೆಂಟ್ ಕುರ್ಟ್ ಝೇಮಿಶ್‌ನ ಡೈರಿಯಲ್ಲೂ ಇಂಗ್ಲಿಷರು ಚೆಂಡು ತಂದ ಮಾತಿದೆ. ಅದಕ್ಕೇ ಈ ಶಿಲುಬೆ ಹತ್ತಿರ ಜನ ಚೆಂಡು ಇಟ್ಟು ಹೋಗುತ್ತಾರೆ. ಶಿಲುಬೆ ನೆಟ್ಟವರು 1999ರಲ್ಲಿ ಇಲ್ಲಿಗೆ ಬಂದ ಕೆಲವು ಇಂಗ್ಲಿಷ್ ಗೆಳೆಯರು. ಆ ಕ್ರಿಸ್‌ಮಸ್ಸಿಗೆ 85 ವರ್ಷ ತುಂಬಿತೆಂದು ತಾವೂ ಕಂದಕ ತೋಡಿ ಚಳಿಯಲ್ಲಿ ಕಳೆದವರು. ಸ್ವಲ್ಪ ದೂರದಲ್ಲಿ 2014ರಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನಿಲ್ಲಿಸಿದ ದೊಡ್ಡ ಸ್ಮಾರಕವೂ ಇದೆ. ನನಗೆ ಈ ಮರದ ಶಿಲುಬೆಯೇ ಜಾಸ್ತಿ ಹಿಡಿಸಿತು.

ಆದರೆ ಚೆಂಡಿಗಿಂತ ಮೊದಲು ಎಷ್ಟೋ ಕಡೆ ಅವರು ಕೈಗೆ ತೆಗೆದುಕೊಂಡಿದ್ದು ಗುದ್ದಲಿ, ಸಲಿಕೆ. ಇದನ್ನು ಜನ ಮರೆಯುತ್ತಾರೆ. ವಾರಗಟ್ಟಲೆಯಿಂದ ಎರಡು ಕಂದಕಗಳ ನಡುವೆ ಹೆಣಗಳು ಬಿದ್ದಿದ್ದವು. ತರಲು ಹೋದರೆ ಗುಂಡು. ಇಲ್ಲಿಂದ ದಕ್ಷಿಣಕ್ಕೆ, ಫ್ಲೂರ್‌ಬೇ ಹತ್ತಿರ, ಸ್ಕಾಟ್ಲೆಂಡಿನ ಗಾರ್ಡನ್ ಹೈಲ್ಯಾಂಡರ್ಸ್ ಪಡೆಯವರು ಮತ್ತು ಜರ್ಮನ್ನರು ಸೇರಿಯೇ ಸತ್ತವರನ್ನು ಮಣ್ಣು ಮಾಡಿದರು. 'ಯೆಹೋವನು ನನಗೆ ಕುರುಬನು' ಎನ್ನುವ ಬೈಬಲಿನ 23ನೇ ಕೀರ್ತನೆಯನ್ನು ಎರಡೂ ಭಾಷೆಯಲ್ಲಿ ಓದಿದರು. ಜೊತೆಗಾರನಿಗೆ ಒಂದು ಹಿಡಿ ಮಣ್ಣು ಹಾಕುವ ಅವಕಾಶ, ಅದಕ್ಕಿಂತ ದೊಡ್ಡ ಉಡುಗೊರೆ ಆ ಹಬ್ಬದಲ್ಲಿ ಇನ್ನೇನಿತ್ತು, ಅಲ್ವಾ?

ಎಲ್ಲ ಕಡೆ ಹೀಗೆ ಆಗಲಿಲ್ಲ. ಕೆಲವು ಕಡೆ ಆ ದಿನವೂ ಗುಂಡು ಹಾರಿತು, ಜನ ಸತ್ತರು. ಗುಂಡು ನಿಂತ ಕಡೆಯೂ ಆ ಶಾಂತಿ ಹೆಚ್ಚು ದಿನ ಉಳಿಯಲಿಲ್ಲ. ಹತ್ತಿರದ ಫ್ರೆಲಿಂಗ್ಯೆನ್‌ನಲ್ಲಿ ಜರ್ಮನ್ನರು ಬಿಯರ್ ಪೀಪಾಯಿ ಉರುಳಿಸಿಕೊಂಡು ಬಂದು ಕೊಟ್ಟಿದ್ದರು. ಬ್ರಿಟಿಷರ ಕ್ಯಾಪ್ಟನ್ ಸ್ಟಾಕ್‌ವೆಲ್ ಬದಲಿಗೆ ಪ್ಲಮ್ ಪುಡಿಂಗ್ ಕೊಟ್ಟ. ಮಾರನೇ ಬೆಳಗ್ಗೆ ಅವನು ಗಾಳಿಯಲ್ಲಿ ಮೂರು ಗುಂಡು ಹಾರಿಸಿ, ಕ್ರಿಸ್‌ಮಸ್ ಶುಭಾಶಯ ಬರೆದ ಬಾವುಟ ಎತ್ತಿ ದಂಡೆಯ ಮೇಲೆ ನಿಂತ. ಜರ್ಮನ್ ಕ್ಯಾಪ್ಟನ್ ಧನ್ಯವಾದ ಎಂದು ಬರೆದ ಬಟ್ಟೆ ಎತ್ತಿದ. ಇಬ್ಬರೂ ಬಾಗಿ ಸಲಾಮು ಹೊಡೆದರು. ಆ ಕಡೆಯಿಂದ ಎರಡು ಗುಂಡು ಹಾರಿತು. ಯುದ್ಧ ಮತ್ತೆ ಶುರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕಾರು ಹತ್ತಿದ ಮೇಲೆ ಅವಳು ಕೇಳಿದಳು, "ನಮ್ಮವರು ಯಾರಾದ್ರೂ ಇದ್ರಾ ಚಿಕ್ಕಪ್ಪ?"

ನಮ್ಮ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಆ ಯುದ್ಧದಲ್ಲಿ ಈಜಿಪ್ಟ್ ಕಡೆ ಇದ್ದರು, ಆಮೇಲೆ ಈಗಿನ ಇಸ್ರೇಲಿನ ಹೈಫಾ. ಇಲ್ಲಿ ಇದ್ದವರು ಪಂಜಾಬಿನವರು, ಗೂರ್ಖಾಗಳು, ಗಢ್ವಾಲಿಗಳು. ಹಿಂದಿನ ದಿನ ಈಪರ್ ಪೇಟೆಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ನಾನು ಕೈಯಲ್ಲಿ ಹಿಡಿದು ನೋಡಿದ ಹಿತ್ತಾಳೆ ಡಬ್ಬಿಯನ್ನು ಅವಳಿಗೆ ನೆನಪಿಸಿದೆ. ಮುಚ್ಚಳದ ಮೇಲೆ ಬ್ರಿಟನ್ನಿನ ರಾಜಕುಮಾರಿ ಮೇರಿಯ ಮುಖ, ಕೆಳಗೆ 'ಕ್ರಿಸ್‌ಮಸ್ 1914'. ಚಂದಾ ಎತ್ತಿ ಸೈನಿಕರಿಗೆಲ್ಲ ಕಳಿಸಿದ ಹಬ್ಬದ ಕಾಣಿಕೆ ಅದು. ಬ್ರಿಟಿಷರಿಗೆ ತಂಬಾಕು, ಸಿಗರೇಟು. ಸೇದದವರಿಗೆ ಹುಳಿ ಪೆಪ್ಪರ್‌ಮೆಂಟು. ಭಾರತೀಯರಲ್ಲಿ ಹೆಚ್ಚಿನವರಿಗೆ ಕಲ್ಲುಸಕ್ಕರೆ ಮತ್ತು ಒಂದು ಪುಟ್ಟ ಡಬ್ಬಿ ಮಸಾಲೆ. ನೀರು ಹೊರುವ ಭಿಸ್ತಿಗಳಿಗೂ ಒಂದು ತಟ್ಟೆ ಮಸಾಲೆ.

"ಕಲ್ಲುಸಕ್ಕರೆನಾ!" ಎಂದಳು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಭಾರತೀಯ ಸೈನ್ಯದ ಹೆಚ್ಚಿನವರನ್ನು ಕ್ರಿಸ್‌ಮಸ್ಸಿಗೆ ಸ್ವಲ್ಪ ಮೊದಲು ಹಿಂದಕ್ಕೆ ಕಳಿಸಿದ್ದರು. 39ನೇ ಗಢ್ವಾಲ್ ರೈಫಲ್ಸ್‌ನ ಎರಡನೇ ಬೆಟಾಲಿಯನ್ ಕಂದಕದಲ್ಲೇ ಉಳಿದಿತ್ತು. ಅವರ ಎದುರಿಗೂ ಜರ್ಮನ್ನರು ಗುಂಡು ನಿಲ್ಲಿಸಿ ಹೊರಗೆ ಬಂದರು. ಅದು ಇವರ ಹಬ್ಬ ಅಲ್ಲ. ಆ ದೀಪದ ಸಾಲು ನೋಡಿ ಬೆಟ್ಟದ ಹುಡುಗರಿಗೆ ಊರಿನ ದೀಪಾವಳಿ ನೆನಪಾಗಿರಬೇಕು ಅಂತ ನನಗನ್ನಿಸುತ್ತದೆ.

ಗಡಿ ದಾಟಿ ಫ್ರಾನ್ಸಿನ ನವ್ ಶಾಪೆಲ್‌ಗೆ ಬಂದಾಗ ನಾಲ್ಕು ಗಂಟೆ. ಬಯಲಲ್ಲಿ ಒಂದು ಎತ್ತರದ ಕಂಬ, ತುದಿಯಲ್ಲಿ ಕಮಲ. ಕಂಬದ ಎರಡೂ ಪಕ್ಕ ಕಲ್ಲಿನ ಹುಲಿಗಳು. ಸುತ್ತ ಗುಂಡಗಿನ ಗೋಡೆ. ಸಮಾಧಿ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಇಲ್ಲಿವೆ. 1927ರಲ್ಲಿ ಕಟ್ಟಿದ್ದು. ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

ಗಢ್ವಾಲ್ ರೈಫಲ್ಸ್ ಹುಡುಕಿದೆವು. ಗಬ್ಬರ್ ಸಿಂಗ್ ನೇಗಿ. ಅದೇ ಎರಡನೇ ಬೆಟಾಲಿಯನ್. 1915ರ ಮಾರ್ಚ್ 10ರಂದು, ಆ ಕ್ರಿಸ್‌ಮಸ್ ಮುಗಿದು ಮೂರು ತಿಂಗಳೂ ಆಗಿರಲಿಲ್ಲ, ಇದೇ ಊರಿನ ಕಾಳಗದಲ್ಲಿ ಸತ್ತ. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ವಯಸ್ಸು ಇನ್ನೂ 19. ಅವನ ಊರ ಕಡೆ, ಉತ್ತರಾಖಂಡದ ಚಂಬಾದಲ್ಲಿ, ಪ್ರತಿ ಏಪ್ರಿಲ್‌ನಲ್ಲಿ ಅವನ ಹೆಸರಲ್ಲಿ ಜಾತ್ರೆ ನಡೆಯುತ್ತದೆ.

"ಚಿಕ್ಕಪ್ಪ, ನನಗಿಂತ ಮೂರು ವರ್ಷ ಚಿಕ್ಕವನು" ಎಂದಳು.

ಅವಳು ಗೋಡೆಗೆ ಹತ್ತಿರ ನಿಂತು ಹೆಸರುಗಳನ್ನು ಜೋರಾಗಿ ಓದತೊಡಗಿದಳು. ನೇಗಿ, ರಾವತ್, ಬಿಷ್ಟ್, ಮತ್ತೆ ನೇಗಿ. ಬೆಳಕು ಕಡಿಮೆಯಾಗುತ್ತಿತ್ತು. ಅವಳು ಮೊಬೈಲ್ ಟಾರ್ಚ್ ಹಚ್ಚಿದಳು. ಅವಳು ಒಂದು ಸಾಲು, ನಾನು ಒಂದು ಸಾಲು ಓದುತ್ತಾ ಹೋದೆವು.