ಹಲ್ಲಿನ ಬೇರಿಗೆ ತುಂಬೋ ಪಾಲಿಮರ್ ಮೊದ್ಲು ಉಳಿಬೇಕು

ಹೋದ ವಾರ ಅಮ್ಮನ ಅದೇ ದವಡೆ ಹಲ್ಲಿಗೆ ಎರಡನೇ ಸಲ ರೂಟ್ ಕೆನಾಲ್ ಆಯ್ತು. ಆರು ವರ್ಷದ ಹಿಂದೆ ನರ ತೆಗೆಸಿ ಕ್ಯಾಪ್ ಹಾಕಿಸಿದ್ವಿ, ಈಗ ಬೇರಿನ ತುದೀಲಿ ಮತ್ತೆ ಕೀವು, ಒಳಗೆ ಎಲ್ಲೋ ಸಂದಿ ಬಿಟ್ಕೊಂಡಿತ್ತಂತೆ. ಡಾಕ್ಟ್ರು ಹಳೇದನ್ನ ತೆಗೆದು ಟ್ರೇ ಮೇಲಿಟ್ಟಾಗ ಆ ಗುಲಾಬಿ ಚೂರುಗಳನ್ನೇ ನೋಡ್ತಾ ಕೂತೆ, ಪಾಲಿಮರ್ ಅಂದ್ರೆ ಚಿಕ್ಕ ಅಣುಗಳು ಕೊಂಡಿ ಕೊಂಡಿಯಾಗಿ ಸೇರಿದ ಉದ್ದ ಸರಪಳಿ, ಅದರ ಕೆಮಿಸ್ಟ್ರಿ ಓದಿದೋಳು ನಾನು, ಆ ಚೂರು ಬೇರಿಗೆ ತುಂಬೋ ಗಟ್ಟಾ ಪರ್ಚ ಅಂತ ಗೊತ್ತಿತ್ತು.

ಮಲಯ ಕಡೆಯ ಒಂದು ಮರದ ಹಾಲು ಅದು. ರಬ್ಬರ್ ಆಗಿರೋ ಐಸೋಪ್ರೀನ್ ಕೊಂಡಿಗಳೇ ಇದ್ರಲ್ಲೂ ಇರೋದು, ಅಲ್ಲಿ ಸಿಸ್, ಅಂದ್ರೆ ಸರಪಳಿ ಕೊಂಡಿಯ ಒಂದೇ ಪಕ್ಕದಲ್ಲಿ ಮುಂದುವರಿಯುತ್ತೆ, ಇಲ್ಲಿ ಟ್ರಾನ್ಸ್, ಅಂದ್ರೆ ಎದುರು ಪಕ್ಕದಲ್ಲಿ, ಅಷ್ಟು ವ್ಯತ್ಯಾಸಕ್ಕೇ ರಬ್ಬರ್ ಎಳೆದಷ್ಟೂ ಬರುತ್ತೆ, ಇದು ಗಟ್ಟಿಯಾಗಿ ಕೂರುತ್ತೆ. 1850ರ ಸುಮಾರಿಗೆ ಸಮುದ್ರದಡಿ ಟೆಲಿಗ್ರಾಫ್ ತಂತಿಗೆ ಇದನ್ನೇ ಹೊದಿಸ್ತಿದ್ರು, 1867ರಲ್ಲಿ ಬೋಮನ್ ಅನ್ನೋರು ಹಲ್ಲಿನ ಬೇರಿಗೆ ತುಂಬಿದ್ರು. ಈಗ ಬೇರಿಗೆ ತುಂಬೋ ಚೂಪಾದ ಕಡ್ಡಿಗೆ ಕೋನು ಅಂತಾರೆ, ಅದರಲ್ಲಿ ಗಟ್ಟಾ ಪರ್ಚ ಐದರಲ್ಲಿ ಒಂದು ಪಾಲು ಅಷ್ಟೇ, ಬಹುಪಾಲು ಜಿಂಕ್ ಆಕ್ಸೈಡ್. ಮೈಗೆ ಒಗ್ಗುತ್ತೆ, ಕಾಸಿ ಮೆತ್ತಗೆ ಮಾಡಿ ವಾಪಸ್ ತೆಗೀಬೋದು, ಆದ್ರೆ ಹಲ್ಲಿಗೆ ಅಂಟಲ್ಲ. ಅಂಟಿಸೋಕೆ ಸೀಲರ್ ಅನ್ನೋ ಮೆತ್ತನೆ ಲೇಪ ಬೇಕು, ಎಷ್ಟೋ ಸೀಲರ್‌ಗಳು ಗಟ್ಟಿಯಾಗ್ತಾ ಕುಗ್ಗುತ್ವೆ.

ಇದಕ್ಕೆ ಪರಿಹಾರ ಅಂತ 2004ರ ಹೊತ್ತಿಗೆ ರೆಸಿಲಾನ್ ಅನ್ನೋ ಹೊಸ ಬೇರು ತುಂಬೋ ವಸ್ತು ಬಂತು. ಪಾಲಿಕ್ಯಾಪ್ರೊಲ್ಯಾಕ್ಟೋನ್ ಅನ್ನೋ ಪಾಲಿಮರಿನ ಕೋನು, ರೆಸಿನ್ ಸೀಲರ್, ಹಲ್ಲು ಮೂರೂ ಅಂಟ್ಕೊಂಡು ಒಂದೇ ಗಟ್ಟಿ ಆಗ್ಬೇಕು ಅನ್ನೋದು ಲೆಕ್ಕ, ಎಷ್ಟು ಚೆಂದದ ಯೋಚನೆ ಅಲ್ವಾ. ಆದ್ರೆ ಪಾಲಿಕ್ಯಾಪ್ರೊಲ್ಯಾಕ್ಟೋನನ್ನ ಮೂಳೆ ಬೆಳೆಸೋಕೆ ಆಸರೆಯಾಗಿ ಇಡೋ ಚೌಕಟ್ಟಿಗೆ (ಸ್ಕ್ಯಾಫೋಲ್ಡ್) ಬಳಸೋದೇ ಅದು ಮೈಯೊಳಗೆ ನಿಧಾನಕ್ಕೆ ಕರಗಿಹೋಗುತ್ತೆ ಅಂತ. ಅದರ ಸರಪಳಿ ತುಂಬಾ ಎಸ್ಟರ್ ಬಂಧಗಳು, ಅಂದ್ರೆ ನೀರಿನ ಜೊತೆ ಸೇರಿ ಒಡೆಯೋ ಕೊಂಡಿಗಳು, ಕೊಬ್ಬು ಒಡೆಯೋ ಲೈಪೇಸ್ ಥರದ ಎನ್‌ಜೈಮ್ ಸಿಕ್ರೆ ಕತ್ತರಿಸಿ ಹಾಕುತ್ತೆ, ಬ್ಯಾಕ್ಟೀರಿಯಾಗಳ ಹತ್ರ ಅಂಥವು ಇದ್ದೇ ಇರುತ್ವೆ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ರೆಸಿಲಾನ್ ತುಂಬಿದ ಹಲ್ಲು ಕೈಕೊಡೋ ಸಾಧ್ಯತೆ ಗಟ್ಟಾ ಪರ್ಚಕ್ಕಿಂತ 5.7 ಪಟ್ಟು ಜಾಸ್ತಿ ಅಂತ ಕಂಡ್ರು.

ಅದಕ್ಕೇ ಹೊಸ ಪಾಲಿಮರ್ ಬಯೋಕಂಪ್ಯಾಟಿಬಲ್, ಅಂದ್ರೆ ಮೈಗೆ ಒಗ್ಗುತ್ತೆ ಅಂತ ಓದಿದಾಗೆಲ್ಲ ನಾನು ಮೊದ್ಲು ಹುಡುಕೋದು ಯಾವ ಟೆಸ್ಟ್ ಮಾಡಿದಾರೆ ಅಂತ. ಮೆಟೀರಿಯಲ್ ನೆನೆಸಿದ ದ್ರಾವಣದಲ್ಲಿ ಇಲಿಯ ಜೀವಕೋಶ 24 ಗಂಟೆ ಇಟ್ಟು ಸಾಯ್ಲಿಲ್ಲ ಅಂತ ತೋರಿಸೋದು ಬೇಕೇ ಬೇಕು, ಆದ್ರೆ ಬೇರಲ್ಲಿ ಅದು ಹತ್ತಿಪ್ಪತ್ತು ವರ್ಷ ಕೂರ್ಬೇಕಲ್ಲ? ಎನ್‌ಜೈಮ್ ದ್ರಾವಣದಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟು ತೂಕ ಎಷ್ಟು ಇಳೀತು ನೋಡಿ, ಕೋನಿನ ಮೈ ಸವೆದಿದ್ಯಾ ನೋಡಿ, ಆಮೇಲೆ ಅಂಟೋ ವಿಷಯ ಮಾತಾಡಣ. ಮುಖ್ಯ ಸರಪಳೀಲಿ ಎಸ್ಟರೇ ಇಲ್ದಿರೋ ಪಾಲಿಮರ್ ಇಟ್ಕೊಂಡು, ತೇವ ಹೀರಿ ಸ್ವಲ್ಪ ಉಬ್ಬಿ ಸಂದಿ ತುಂಬೋ ಥರದ್ದು ನಂಗೆ ಹೆಚ್ಚು ಭರವಸೆ ಕೊಡುತ್ತೆ, ಅತಿಯಾಗಿ ಉಬ್ಬಿದ್ರೆ ಹಲ್ಲಿನ ಬೇರನ್ನೇ ಸೀಳೋ ಭಯ ಇದೆ, ಅಲ್ಲೇ ಕೆಲಸ ಇರೋದು.

ಅಮ್ಮಂಗೆ ಈ ಸಲಾನೂ ಗಟ್ಟಾ ಪರ್ಚಾನೇ ತುಂಬಿದಾರೆ, ಸೀಲರ್ ಮಾತ್ರ ಕ್ಯಾಲ್ಸಿಯಂ ಸಿಲಿಕೇಟ್ದು. ಆರು ತಿಂಗಳಿಗೆ ಎಕ್ಸ್ ರೇ ಇದೆ.